ಬಾಯಿ ಮುಚ್ಚಿಸಲು ಆಗಲಿಲ್ಲ

೧. ಯಾವ ಬಾಯಿ?

“ಅಜ್ಜಾ, ನಳದ ಬಾಯಿ ಎಲ್ಲದರಿ?”

ಬಸವಕಲ್ಯಾಣದ ಓಣಿಗಳಲ್ಲಿ ಸುತ್ತಿ ಸುತ್ತಿ ಮತ್ತೆ ಅದೇ ಬೇವಿನ ಮರದ ಕೆಳಗೆ ಬಂದು ನಿಂತಿದ್ದೆ. ಆಡು ಹೊಡೆದುಕೊಂಡು ಹೊರಟಿದ್ದ ಅಜ್ಜ ಕೋಲೆತ್ತಿ ಬೀದಿ ನಳ ತೋರಿಸಿದ. “ಅಲ್ಲೇ ಅದ ನೋಡವ್ವಾ ನಳದ ಬಾಯಿ. ನೀರಷ್ಟೇ ಇಲ್ಲ.”

“ಆ ಬಾಯಿ ಅಲ್ರಿ, ತೀರಿಕೊಂಡ ಬಾಯಿ. ಅವ್ರ ಶೋಕಸಭೆ ಎಲ್ಲದರಿ?”

“ನಮ್ಮ ಬಾಯಿಯವ್ರೇನು! ಅವ್ರಿದ್ದಾಗ ಈ ಬಾಯಾಗೂ ನೀರು ಬರ್ತಿತ್ತು.”

ಭಾಷೆ ಬಾರದ ದೇಶಗಳಲ್ಲಿ ಕೈಸನ್ನೆಯಿಂದಲೇ ದಾರಿ ಕಂಡುಕೊಂಡವಳು ನಾನು. ಇಂಥದ್ದೆಲ್ಲ ಆಗುವುದು ನನ್ನ ಸೀಮೆಗೆ ಬಂದಾಗಲೇ. ನಮ್ಮ ಕಡೆ ಹೆಂಗಸರನ್ನು ಮರ್ಯಾದೆಯಿಂದ ‘ಬಾಯಿ’ ಎನ್ನುತ್ತಾರೆ. ಈ ‘ನಳದ ಬಾಯಿ’ ಎಂಬತ್ತು ದಾಟಿದರೂ ಊರಿನ ನಳ, ಗಟಾರ, ಬೀದಿದೀಪಕ್ಕಾಗಿ ಜಗಳಾಡಿದವರು. ಸಂಬಳವಿಲ್ಲ, ಕುರ್ಚಿಯಿಲ್ಲ. ಎಲ್ಲ ಜಗಳ ಗೆದ್ದರು, ಒಂದನ್ನು ಬಿಟ್ಟು: ಸಂತೆ ಮೈದಾನದ ಹೆಂಗಸರ ಪಾಯಖಾನೆಗೆ ಜಡಿದ ಕೀಲಿ. ಅಂದು ಅವರ ಶೋಕಸಭೆ. ನನ್ನ ತಲೆಯ ಮೇಲೆ ಅವರದೊಂದು ಸಾಲವಿತ್ತು.

೨. ಮೊದಲ ಮುಚ್ರಿ

ಒಮ್ಮೆ ಗಟಾರದ ಚಪ್ಪಡಿ ಒಡೆದು, ಎಮ್ಮೆಯ ಕರು ಒಳಗೆ ಬಿತ್ತು. ಬಾಯಿ ಪುರಸಭೆಯ ಸಾಹೇಬರ ಮುಂದೆ ನಿಂತು ಕೂಗಾಡಿದರು. ಸಾಹೇಬರಿಗೆ ರೇಗಿತು. “ಮೊದಲ ಬಾಯಿ ಮುಚ್ರಿ!”

“ಅದನ್ನ ಹೇಳಾಕ ಬಂದೀನ್ರಿ ಸಾಹೇಬ್ರ. ಮೊದಲ ಗಟಾರದ ಬಾಯಿ ಮುಚ್ರಿ. ಇವತ್ತು ಕರು ಬಿದ್ದದ, ನಾಳೆ ನೀವು ಬೀಳ್ತೀರಿ.”

ಸಂಜೆಯೊಳಗೆ ಹೊಸ ಚಪ್ಪಡಿ ಬಿತ್ತು.

೩. ಸೆರಗಿನ ಸಾಲ

ಹುಮನಾಬಾದಿನಿಂದ ಬರುವಾಗ ಒಮ್ಮೆ ಬಸ್ಸು ಕೆಟ್ಟು ತಾಸುಗಟ್ಟಲೆ ನಿಂತಿತು. ಸಂತೆ ಮೈದಾನ ಮುಟ್ಟುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ಅಲ್ಲಿ ಬಾಯಿ ಹೊಡೆದಾಡಿ ಕಟ್ಟಿಸಿದ ಪಾಯಖಾನೆ ಇತ್ತು, ಬಾಗಿಲಿಗೆ ಕೀಲಿಯೂ ಇತ್ತು. ರಿಬ್ಬನ್ನು ಕತ್ತರಿಸಿದ ದಿನವೇ ಅದೇ ಸಾಹೇಬರು ಜಡಿಸಿದ್ದರು. ಕಾರಣ? “ಹೆಣ್ಮಕ್ಕಳು ಹೊಲಸು ಮಾಡ್ತಾರ.” ಗಂಡಸರದ್ದರ ಬಾಗಿಲು ಪಕ್ಕದಲ್ಲೇ ಹಾರುಹೊಡೆದಿತ್ತು, ವಾಸನೆಗೆ ನೊಣವೂ ಒಳಗೆ ಹೋಗಲು ಯೋಚಿಸುತ್ತಿತ್ತು.

ಸಂತೆಗೆ ಬಂದಿದ್ದ ಬಾಯಿ ನನ್ನನ್ನು ಗೋಡೆಯ ಹಿಂದೆ ಕರೆದೊಯ್ದು ಸೆರಗು ಹರವಿ ಕಾವಲು ನಿಂತರು. “ಎಷ್ಟು ದೇಶ ತಿರಗಿದ್ರೇನವ್ವಾ, ಕಡೀಕ ನನ್ನ ಸೆರಗೇ ಗತಿ.”

ಉಪಕಾರ ಮರೆಯೋದಿಲ್ಲ ಎಂದೆ.

“ಉಪಕಾರ ಅಲ್ಲ, ಸಾಲ. ಯಾವಾಗರ ನೀನೂ ಕಾವಲು ನಿಂತು ತೀರಸು.”

೪. ಮೌನಾಚರಣೆ

ಶೋಕಸಭೆ ನಡೆದದ್ದು ಅದೇ ಮೈದಾನದಲ್ಲಿ. ವೇದಿಕೆಯ ಮೇಲೆ ಅದೇ ಸಾಹೇಬರು, ಈಗ ನಿವೃತ್ತರು, ಊರ ದೊಡ್ಡವರು. “ಬಾಯಿಯವರು ನಮ್ಮ ತಾಯಿ” ಎಂದು ಕಣ್ಣೊರೆಸಿಕೊಂಡರು, ಮಜ್ಜಿಗೆ ಕುಡಿದರು, ಮತ್ತೆ ಮಾತಾಡಿದರು. ಗೋರ್ಟಾ, ಚಿಟಗುಪ್ಪದಿಂದ ಬಂದ ಹೆಣ್ಣುಮಕ್ಕಳು ಕೂತಲ್ಲೇ ಚಡಪಡಿಸುತ್ತಿದ್ದರು. ಕೀಲಿ ಹಾಗೇ ತೂಗುತ್ತಿತ್ತು.

ನನ್ನ ಮೈ ಉರಿಯಿತು. ಎದ್ದು ಹೋಗಿ ಗಂಡಸರ ಪಾಯಖಾನೆಯ ಬಾಗಿಲಲ್ಲಿ ಸೆರಗು ಹರವಿ ನಿಂತೆ. “ಬರ್ರಿ ಅವ್ವಾರ, ಮೂಗು ಹಿಡ್ಕೊಂಡು ಒಬ್ಬೊಬ್ರೇ ಬರ್ರಿ!” ಸಾಲು ಹತ್ತಿತು.

ಭಾಷಣ ಅರ್ಧಕ್ಕೇ ಬಿಟ್ಟು ಸಾಹೇಬರು ಓಡಿಬಂದರು. ಮಜ್ಜಿಗೆ ತನ್ನ ಕೆಲಸ ಮಾಡಿತ್ತು.

“ಸರೀರಿ ಬಾಯಿ! ಭಾಳ ಅರ್ಜಂಟ್ ಅದ!”

“ಆ ಕೀಲಿಯ ಚಾವಿ?”

“ನಾಳೆ ಹುಡುಕಸ್ತೀನ್ರಿ!”

“ಆಗ್ಲಿ. ಅಲ್ಲೀತನಕ ತೀರಿಕೊಂಡ ತಾಯಿ ನೆನಪಿನಾಗ ಅಲ್ಲಾಡದಂಗ ಮೌನ ನಿಂದರ್ರಿ.”

ನಿಂತರು. ಒಂದು ಕಾಲಿನ ಮೇಲೆ, ಆಮೇಲೆ ಇನ್ನೊಂದರ ಮೇಲೆ. ಮೌನ ಮುಗಿಯುವ ಮೊದಲೇ, ನಾಳೆ ಸಿಗಬೇಕಿದ್ದ ಚಾವಿ ಅವರ ಜುಬ್ಬಾದ ಜೇಬಿನಿಂದಲೇ ಹೊರಬಿತ್ತು.

ಹೆಂಗಸರ ಬಾಗಿಲು ಕಿರ್ರೆಂದು ತೆರೆಯಿತು. ಸಾಲಿನಲ್ಲಿದ್ದ ಮುದುಕಿಯೊಬ್ಬಳ ಸೊಂಟಕ್ಕೆ ಚಾವಿ ಹೋಯಿತು. ನಾನು ಸೆರಗು ಮಡಚಿ ದಾರಿ ಬಿಟ್ಟೆ.

ಬಾಯಿಯ ಸಾಲ ತೀರಿತು. ಸಾಹೇಬರಿಗೆ ಮಾತ್ರ ತುಸು ತಡವಾಗಿತ್ತು.