ಸಿಂಹದ ಕಣ್ಣಿಗೆ ಕೈ ಹಾಕಿದ್ದು

ಮೊದಲೇ ಹೇಳಿಬಿಡ್ತೀನಿ, ನಂಗೆ ಇನ್ನೂ ಸಿಟ್ಟಿದೆ. ನಾವಿರೋ ಇಡೀ ರೆಡ್‌ವುಡ್ ಸಿಟಿ ಮೇಲೆ ಸಿಟ್ಟಿದೆ. ವಿವಿಯನ್ ಮೇಲೆ, ನಮ್ಮಜ್ಜಿ ಮೇಲೆ, ಲೈಬ್ರರಿಯಲ್ಲಿ ಮುಂದಿನ ಸಾಲಲ್ಲಿ ಕೂತು ಮೈಮೇಲೆಲ್ಲಾ ಜ್ಯೂಸ್ ಚೆಲ್ಕೊಂಡು ಅತ್ತ ಆ ಮಗು ಮೇಲೂ ಸಿಟ್ಟಿದೆ. ನಲವತ್ತೆಂಟು ಗಂಟೆ ಒಂದೇ ಸಮ ಕೂತು ಒಂದು ಮಹಾನ್ ಕಲಾಕೃತಿ ಮಾಡಿದೆ ನಾನು. ಸರಿ, ಊಟ ನಿದ್ದೆ ಕಳೆದ್ರೆ ಹದಿನಾರು. ಅದಕ್ಕೆ ನಂಗೆ ಸಿಕ್ಕಿದ ಬಹುಮಾನ ಏನು ಗೊತ್ತಾ? ಮೂಗಿನ ಮೇಲೆ ಒಂದು ಕೆಂಪು ಚುಕ್ಕೆ!

ಕೇಳಿ, ಕೇಳಿಬಿಟ್ಟು ನ್ಯಾಯ ನೀವೇ ಹೇಳಿ.

ವಿವಿಯನ್ ನನ್ನ ಕ್ಲಾಸ್‌ಮೇಟು. ಅವಳ ಅಮ್ಮನ ಅಪ್ಪನ್ನ ಅವಳು ಗೊಂಗ್ ಗೊಂಗ್ ಅಂತ ಕರೀತಾಳೆ. ಚೀನೀ ಹೊಸ ವರ್ಷಕ್ಕೆ ಇಬ್ಬರು ಸೇರಿ ಹೊತ್ಕೊಂಡು ಕುಣಿಯೋ ಸಿಂಹ ಇರತ್ತಲ್ಲ, ಅದರ ತಲೆಗೆ ಬಣ್ಣ ಬರೆಯೋರು ಅವರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಷ್ಟೋ ವರ್ಷ ಅದೇ ಕೆಲಸ ಮಾಡಿದಾರೆ. ಈ ಸಲ ನಮ್ಮ ಲೈಬ್ರರಿಯಲ್ಲಿ ಹೊಸ ವರ್ಷದ ಕಾರ್ಯಕ್ರಮಕ್ಕೆ ನಾನು, ವಿವಿಯನ್ ಸೇರಿ ಒಂದು ನಿಮಿಷದ ಆನಿಮೇಷನ್ ಮಾಡೋದು ಅಂತಾಯ್ತು. ಸಿಂಹ ಮಲಗಿರತ್ತೆ, ಏಳತ್ತೆ, ಕುಣಿಯತ್ತೆ. ಸೆಕೆಂಡಿಗೆ ಹನ್ನೆರಡು ಚಿತ್ರ, ಒಟ್ಟು ಏಳ್ನೂರ ಇಪ್ಪತ್ತು. ಸಿಂಹ ಪೂರ್ತಿ ವಿವಿಯನ್‌ದು. ನಂಗೆ ಬಂದಿದ್ದು ಹಿಂದುಗಡೆ ಬಟ್ಟಲಲ್ಲಿ ಇಟ್ಟಿರೋ ಕಿತ್ತಳೆ ಹಣ್ಣು.

ಕಿತ್ತಳೆ ಹಣ್ಣು! ಏಳನೇ ಕ್ಲಾಸಲ್ಲೇ ಆನಿಮೇಷನ್ನಲ್ಲಿ ಕುದುರೆ ಓಡಿಸಿದ ಕೈ ಇದು. (ಮೂರು ಕಾಲಲ್ಲಿ ಓಡ್ತಿತ್ತು. ಆದ್ರೂ ಓಡ್ತಿತ್ತು.)

ಶುಕ್ರವಾರ ಸಂಜೆ ವಿವಿಯನ್ ಅವಳ ಫೈಲನ್ನ ಪೆನ್‌ಡ್ರೈವಲ್ಲಿ ಕೊಟ್ಲು, ಇರೋದು ಅದೊಂದೇ. ಹಣ್ಣು ಸೇರಿಸಿ, ಭಾನುವಾರ ತಗೊಂಡು ಬಾ ಅಂತ. ತೆಗೆದು ನೋಡ್ತೀನಿ, ಸಿಂಹಕ್ಕೆ ಕಣ್ಣೇ ಇಲ್ಲ! ಕಣ್ಣಿರ್ಬೇಕಾದ ಜಾಗದಲ್ಲಿ ಬೇಯಿಸಿ ಸುಲಿದ ಮೊಟ್ಟೆ ಥರ ಎರಡು ಬಿಳೀ ಗುಂಡು. ಒಂದರಲ್ಲಲ್ಲ, ಏಳ್ನೂರ ಇಪ್ಪತ್ತರಲ್ಲೂ. ಪಾಪ, ಮರೆತುಬಿಟ್ಟಿದಾಳೆ ಅಂದ್ಕೊಂಡೆ. ಒಬ್ಬ ನಿಜವಾದ ಸ್ನೇಹಿತೆ ಇಂಥ ಹೊತ್ತಲ್ಲಿ ಏನು ಮಾಡ್ತಾಳೆ? ಕಾಪಾಡ್ತಾಳೆ. ನಾನು ಕಾಪಾಡೋಕೆ ಕೂತೆ.

ಒಂದು ಮೆಸೇಜ್ ಹಾಕಿ ಕೇಳೇ ಅಂತ ಅಮ್ಮ ಅಂದ್ರು. ಸರ್‌ಪ್ರೈಸ್ ಅಂದ್ರೆ ಏನು ಅಂತ ಅಮ್ಮಂಗೆ ಗೊತ್ತಿಲ್ಲ. ಪಕ್ಕದಲ್ಲಿ ಕೊತ್ತಂಬರಿ ಸೋಸ್ತಾ ಕೂತಿದ್ದ ಧಾರವಾಡದ ಅಜ್ಜಿ ನನ್ನ ಸ್ಕ್ರೀನಿಗೆ ಬಗ್ಗಿ ನೋಡಿದ್ರು.

"ಅಕಿ ಮರತಿಲ್ಲವ್ವಾ. ನಮ್ಮ ಕಡೆ ಗಣಪ್ಪನ್ನ ಮಾಡವ್ರು ಕಣ್ಣ ಕಡೀಕ ಬರೀತಾರ. ಬೇಕಂತನ ಬಿಟ್ಟಿರಬೇಕು. ಕೇಳ ಅಕಿನ್ನ."

"ಅಜ್ಜಿ, ಇದು ಗಣಪತಿ ಅಲ್ಲ. ಆನಿಮೇಷನ್."

"ಕಣ್ಣ ಎಲ್ಲಾ ಕಡೆ ಕಣ್ಣನ," ಅಂದು ಅಜ್ಜಿ ಮತ್ತೆ ಕೊತ್ತಂಬರಿಗೆ ಹೋದ್ರು.

ಎಂಬತ್ತು ವರ್ಷದವರಿಗೆ ಆನಿಮೇಷನ್ ಬಗ್ಗೆ ಏನು ಗೊತ್ತಿರತ್ತೆ ಹೇಳಿ.

ಎಂಥ ಕಣ್ಣು ಬರೆಯೋದು? ಸಿಂಹ ಅಂದ್ಮೇಲೆ ಭಯಂಕರವಾಗಿರ್ಬೇಕು. ಬೆಂಗಳೂರಲ್ಲಿ ಚಿಕ್ಕಪ್ಪ ಮನೆ ಕಟ್ಟಿಸುವಾಗ ಮುಂದೆ ದೃಷ್ಟಿ ಬೊಂಬೆ ತೂಗುಹಾಕಿದ್ರು. ಅದರ ಫೋಟೋ ನನ್ನ ಫೋನಲ್ಲಿತ್ತು. ಅದನ್ನೇ ಇಳಿಸಿದೆ. ಗುಡ್ಡೆ ಹೊರಗೆ ಬಂದಿರೋ ಕಣ್ಣು, ಕೆಂಪು ನರ, ಮೇಲೆ ನನ್ನ ಸ್ವಂತ ಕಾಣಿಕೆ ಅಂತ ಉದ್ದ ರೆಪ್ಪೆ. ಮಧ್ಯೆ ಮಧ್ಯೆ ಕಣ್ಣು ಹೊಡೆಯೋ ಹಾಗೂ ಮಾಡಿದೆ. ಅಷ್ಟು ಹೊತ್ತಿಗೆ ಲ್ಯಾಪ್‌ಟಾಪು ಬಿಸಿಯಾಗಿ, ಅದರ ಮೇಲೆ ದೋಸೆ ಹುಯ್ಯಬಹುದಿತ್ತು. ಹಗುರ ಆಗ್ಲಿ ಅಂತ ಕಣ್ಣು, ಮುಖ, ಮೀಸೆ ಅಂತ ಬೇರೆ ಬೇರೆ ಇದ್ದ ಪದರಗಳನ್ನೆಲ್ಲಾ ಒಂದಕ್ಕೊಂದು ಅಂಟಿಸಿ, ಅದೇ ಹೆಸರಲ್ಲಿ ಸೇವ್ ಮಾಡಿದೆ. ಹಳೇದು ಹೋಯ್ತು. ಹೋಗ್ಲಿ ಬಿಡಿ, ಕಣ್ಣಿಲ್ಲದ ಸಿಂಹ ಯಾರಿಗೆ ಬೇಕು?

ಭಾನುವಾರ ಪಾರ್ಕಿಂಗ್ ಸಿಗದೆ ಅಮ್ಮ ಲೈಬ್ರರಿಗೆ ಏಳು ಸುತ್ತು ಪ್ರದಕ್ಷಿಣೆ ಹಾಕಿದ್ರು. ನಾನು ಒಳಗೆ ಹೋದಾಗ ರೂಮ್ ತುಂಬಾ ಮಕ್ಕಳು. ಒಂದು ಸಲ ನೋಡ್ಲಾ ಅಂತ ವಿವಿಯನ್ ಕೇಳಿದ್ಲು. ನನ್ನ ನಂಬು ಅಂದೆ. ಪಾಪ, ನಂಬಿದ್ಲು. ಲ್ಯಾಪ್‌ಟಾಪನ್ನ ಪ್ರೊಜೆಕ್ಟರಿಗೂ, ಅವಳು ತಂದಿದ್ದ ಚಿತ್ರ ಬರೆಯೋ ಟ್ಯಾಬ್ಲೆಟ್ಟಿಗೂ ಜೋಡಿಸಿಕೊಟ್ಟೆ.

ಅವಳು ಮೈಕ್ ತಗೊಂಡ್ಲು. ಸಿಂಹಕ್ಕೆ ಯಾರಾದ್ರೂ ಹಿರಿಯರು ಕಣ್ಣು ಬರೆಯೋವರೆಗೂ ಅದಕ್ಕೆ ಜೀವ ಬರಲ್ಲ, ಅದು ನಮ್ಮ ಪದ್ಧತಿ ಅಂದ್ಲು. ನಾನು ಲ್ಯಾಪ್‌ಟಾಪ್ ಕಡೆ ನೋಡಿದೆ. ಎರಡು ವರ್ಷದಿಂದ ಗೊಂಗ್ ಗೊಂಗ್ ಕೈ ನಡುಗತ್ತೆ, ಬ್ರಷ್ ಮುಟ್ಟೋದೇ ಬಿಟ್ಟಿದಾರೆ ಅಂದ್ಲು. ನಾನು ಬಾಗಿಲ ಕಡೆ ನೋಡಿದೆ. ಈ ಟ್ಯಾಬ್ಲೆಟ್ಟಲ್ಲಿ ಬರೆದ್ರೆ ನಡುಗೋ ಗೆರೆ ತಾನೇ ನೆಟ್ಟಗಾಗತ್ತೆ, ಒಂದು ಸಲ ಬರೆದ್ರೆ ಎಲ್ಲಾ ಚಿತ್ರಕ್ಕೂ ಕಣ್ಣು ಬರತ್ತೆ, ಅದಕ್ಕೇ ಈ ಸಿಂಹ ಮಾಡಿದ್ದು, ಇವತ್ತು ಅವರೇ ಇದನ್ನ ಎಬ್ಬಿಸ್ತಾರೆ ಅಂದ್ಲು.

ಗೊಂಗ್ ಗೊಂಗ್ ಎದ್ದು ನಿಂತ್ರು. ಕೋಟು, ಟೈ, ನೀಟಾಗಿ ಬಾಚಿದ ನಾಲ್ಕು ಕೂದಲು. ಕೈಯಲ್ಲಿ ಟ್ಯಾಬ್ಲೆಟ್ಟಿನ ಪೆನ್ನು. ನಾನು ಲ್ಯಾಪ್‌ಟಾಪ್ ಕಡೆ ಓಡೋ ಅಷ್ಟರಲ್ಲಿ ಯಾರೋ ಲೈಟ್ ಆರಿಸಿದ್ರು.

ಗೋಡೆ ತುಂಬಾ ಸಿಂಹ ಬಂತು. ಮಲಗಿರ್ಬೇಕಾದ ಸಿಂಹ ದೃಷ್ಟಿ ಬೊಂಬೆ ಥರ ಕಣ್ಣು ಬಿಟ್ಕೊಂಡು ಗೊಂಗ್ ಗೊಂಗ್‌ನ ಗುರಾಯಿಸ್ತು. ಆಮೇಲೆ ಕಣ್ಣು ಹೊಡೀತು!

ಜ್ಯೂಸ್ ಮಗು ಕಿರುಚಿದ್ದು ಆವಾಗ್ಲೇ. ಅದನ್ನ ನೋಡಿ ಇನ್ನೂ ನಾಲ್ಕು ಮಕ್ಕಳು ಅಳೋಕೆ ಶುರು. ಲೈಟ್ ಬಂತು. ಗೊಂಗ್ ಗೊಂಗ್ ಇನ್ನೂ ಪೆನ್ನು ಹಿಡ್ಕೊಂಡೇ ನಿಂತಿದ್ರು, ಎಲ್ಲಿ ಇಡೋದು ಅಂತ ಗೊತ್ತಾಗದೆ.

"ಕಣ್ಣು ಯಾರು ಬರೆದಿದ್ದು?" ವಿವಿಯನ್ ಧ್ವನಿ ಏರಿಸ್ಲಿಲ್ಲ. ಏರಿಸಿದ್ರೆ ನಾನೂ ಏರಿಸಬಹುದಿತ್ತು.

"ನೀನು ಮರೆತಿದೀಯ ಅಂತ..."

"ನಾನು ನಿಂಗೆ ಎರಡು ಸಲ ಹೇಳಿದ್ದೆ."

ಹೇಳಿದ್ಲಂತೆ. ಎರಡು ಸಲಾನೂ ಲಂಚ್ ಹೊತ್ತಲ್ಲಿ. ಆವಾಗ ನಾನು ಕಿತ್ತಳೆ ಹಣ್ಣಿನ ನೆರಳಿನ ಬಗ್ಗೆ ಅವಳಿಗೆ ಪಾಠ ಮಾಡ್ತಿದ್ದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡಿದ್ರೆ ಹೇಗೆ ಕೇಳಿಸತ್ತೆ?

ಈಗ್ಲೇ ಸರಿ ಮಾಡ್ತೀನಿ ಅಂತ ಟ್ಯಾಬ್ಲೆಟ್ ಕಿತ್ಕೊಂಡು ಬೆರಳಲ್ಲೇ ಕಣ್ಣು ಅಳಿಸೋಕೆ ಹೋದೆ. ಎಲ್ಲಾ ಅಂಟಿಸಿಟ್ಟಿದ್ದೆನಲ್ಲ, ಕಣ್ಣಿನ ಜೊತೆ ಹುಬ್ಬು ಹೋಯ್ತು. ಹುಬ್ಬಿನ ಜೊತೆ ಹಣೆ ಹೋಯ್ತು. ಗಾಬರಿಯಲ್ಲಿ ಇನ್ನೊಂದು ಸಲ ಉಜ್ಜಿದೆ, ಮೂಗು ಹೋಯ್ತು. ಇಷ್ಟೂ ಗೋಡೆ ಮೇಲೆ, ಅರವತ್ತು ಜನರ ಮುಂದೆ! ಕೊನೆಗೆ ಉಳಿದಿದ್ದು ಮೀಸೆ ಇರೋ ಒಂದು ಆಲೂಗಡ್ಡೆ. ಹಿಂದುಗಡೆ ಬಟ್ಟಲಲ್ಲಿ ಕಿತ್ತಳೆ ಹಣ್ಣು ಮಾತ್ರ ಫಳಫಳ ಹೊಳೀತಿತ್ತು.

ಆಗ ಗೊಂಗ್ ಗೊಂಗ್ ಪೆನ್ನನ್ನ ಮೇಜಿನ ಮೇಲೆ ಇಟ್ರು. ಕೋಟಿನ ಒಳಜೇಬಿಂದ ಒಂದು ಹಳೇ ಬ್ರಷ್ಷು, ಪುಟ್ಟ ಡಬ್ಬಿಯಲ್ಲಿ ಕೆಂಪು ಬಣ್ಣ ತೆಗೆದ್ರು. ಇವತ್ತು ಅದು ಬೇಕಾಗಲ್ಲ ಅಂತ ವಿವಿಯನ್ ಹೇಳಿದ್ಲಂತೆ. ಆದ್ರೂ ತಂದಿದ್ರು. ನನ್ನ ಮುಂದೆ ಬಂದು ಅವರ ಭಾಷೆಯಲ್ಲಿ ಏನೋ ಅಂದ್ರು. ವಿವಿಯನ್ ನನ್ನ ಮುಖ ನೋಡದೇ ಹೇಳಿದ್ಲು:

"ಸಿಂಹ ಆಗ್ಲೇ ಎದ್ದಾಯ್ತಂತೆ. ಇಲ್ಲಿ ಇನ್ನೂ ಮಲಗಿರೋದು ನೀನೊಬ್ಬಳೇ ಅಂತೆ."

ಎಲ್ರೂ ನಕ್ಕರು. ಅಮ್ಮ ಎಲ್ರಿಗಿಂತ ಜೋರಾಗಿ ನಕ್ಕರು. ಗೊಂಗ್ ಗೊಂಗ್ ಎಡಗೈಯಲ್ಲಿ ಬಲಗೈ ಮಣಿಕಟ್ಟು ಹಿಡ್ಕೊಂಡು ನನ್ನ ಹಣೆಗೆ ಗುರಿಯಿಟ್ರು. ಬ್ರಷ್ ತುದಿ ನಡುಗ್ತಾ ನಡುಗ್ತಾ ಬಂತು. ಚುಕ್ಕೆ ಬಿದ್ದಿದ್ದು ಮೂಗಿನ ತುದಿಗೆ. ಅವರು ಮಾತ್ರ ನಗ್ಲಿಲ್ಲ. ಒಂದು ಕ್ಷಣ ತಮ್ಮ ಕೈ ನೋಡ್ಕೊಂಡು, ಬ್ರಷ್ ಒರೆಸಿ ಜೇಬಲ್ಲಿಟ್ಕೊಂಡ್ರು.

ನಾನೂ ಆ ಕೈ ನೋಡಿದೆ. ಅದರ ಬಗ್ಗೆ ತಮಾಷೆ ಮಾಡೋಕೆ ಆಗ್ತಿಲ್ಲ. ಅದಕ್ಕೂ ಸಿಟ್ಟು.

ಆ ಬಣ್ಣ ಸೋಪಿಗೆ ಹೋಗಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಅಂತಾರಲ್ಲ, ನಂದು ಸೋಮವಾರ ಇಡೀ ಸ್ಕೂಲಿಗೆ ಕಾಣೋ ಹಾಗೆ ಕೆಂಪಗಿತ್ತು. ಕುಂಕುಮ ಹಚ್ಗೊಳ್ಳೋದು ಹೆಂಗೂ ಕಲತ್ಲು, ಜಾಗ ಮುಂದ ತಿಳೀತದ ಅಂತ ಅಜ್ಜಿ ಸಮಾಧಾನ ಮಾಡ್ಕೊಂಡ್ರು.

ಹೊಸ ವರ್ಷ ಆಗಿ ಹದಿನೈದನೇ ದಿನ ಅವರಿಗೆ ಲ್ಯಾಂಟರ್ನ್ ಹಬ್ಬ. ಆವತ್ತು ಲೈಬ್ರರಿಯವರು ಇನ್ನೊಂದು ಅವಕಾಶ ಕೊಟ್ಟಿದಾರೆ. ಬರ್ತೀನಿ ಅಂತ ಗೊಂಗ್ ಗೊಂಗ್ ಒಪ್ಪಿದಾರೆ. ವಿವಿಯನ್ ನಂಜೊತೆ ಮಾತು ಬಿಟ್ಟಿದಾಳೆ. ಒಂದೇ ಒಂದು ಮೆಸೇಜ್ ಕಳಿಸಿದ್ಲು: ಅಷ್ಟರೊಳಗೆ ಎಲ್ಲಾ ಕಣ್ಣೂ ಅಳಿಸಿರ್ಬೇಕು. ಒಂದೂ ಹುಬ್ಬು ಹೋಗಿರಬಾರದು.

ಹಾಗಾಗಿ ದಿನಾ ಸ್ಕೂಲಿಂದ ಬಂದು, ಸೂಜಿಮೊನೆಯಷ್ಟು ರಬ್ಬರ್ ಇಟ್ಕೊಂಡು, ನಾನೇ ಬರೆದ ಕಣ್ಣನ್ನ ನಾನೇ ಅಳಿಸ್ತಾ ಕೂತಿದೀನಿ. ಒಂದೊಂದೂ ಎಷ್ಟು ಚೆನ್ನಾಗಿದೆ ಅಂತ ನಿಮಗೆ ಹೇಗೆ ಹೇಳ್ಲಿ! ಇವತ್ತಿಗೆ ಇನ್ನೂರ ಹನ್ನೆರಡು ಚಿತ್ರ ಮುಗೀತು. ಅಜ್ಜಿ ಈಗಷ್ಟೇ ಬಂದು ಹಿಂದೆ ನಿಂತು ನೋಡಿದ್ರು.

"ಇನ್ನ ಎಷ್ಟದಾವ?"

"ಐನೂರ ಎಂಟು."

ಕನ್ನಡಕ ಏರಿಸಿ ಸ್ಕ್ರೀನಿಗೆ ಬಗ್ಗಿದ್ರು. ಕಣ್ಣಿನ ಬಗ್ಗೆ ಒಂದು ಒಳ್ಳೆ ಮಾತು ಬರತ್ತೆ ಅಂತ ನಾನೂ ಕಾದೆ.

"ಅಲ್ಲ," ಅಂದ್ರು ಅಜ್ಜಿ, "ಕಿತ್ತಳಿ ಹಣ್ಣ ಭಾಳ ಛಲೋ ಬಂದಾವ ನೋಡು."