ಲ್ಯಾಪ್‌ಟಾಪಿನ ಮೌನವ್ರತ

ಶನಿವಾರ ಬೆಳಿಗ್ಗೆ ತಾರಾನಾಥನ ಲ್ಯಾಪ್‌ಟಾಪಿನ ದನಿ ಹೋಯಿತು. ಹಿಂದಿನ ಸಂಜೆ ಅವನೇ ಅದರ ಹಳೆಯ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ್ದ. ಪುಕ್ಕಟೆ, ವೈರಸ್ ಕಾಟವಿಲ್ಲ, ಯಾರ ಹಂಗೂ ಇಲ್ಲ ಎಂದು ಹೆಂಡತಿ ಹರಿಣಾಕ್ಷಿಗೆ ಭಾಷಣ ಬಿಗಿದೂ ಆಗಿತ್ತು. ಈಗ ನೋಡಿದರೆ ಸ್ಪೀಕರಿನ ಹೆಸರಿರಬೇಕಾದ ಜಾಗದಲ್ಲಿ ‘ಡಮ್ಮಿ ಔಟ್‌ಪುಟ್’ ಎಂದಿತ್ತು.

ಅಂದೇ ಆನ್‌ಲೈನ್ ಮೀಟಿಂಗು. ದೂರದ ಕಳಂಬೋಲಿಯ ಉಕ್ಕಿನ ವ್ಯಾಪಾರಿ ರೇವಣಸಿದ್ದರ ಆಫೀಸಿನಲ್ಲಿ ಅವನು ಹಿರಿಯ ಗುಮಾಸ್ತ. ಧಣಿ ಸಾನಪಾಡಾದಲ್ಲಿ ಹೊಸ ಶಾಖೆ ತೆರೆಯುವವರಿದ್ದರು. ಅದರ ಹೊಣೆ ತಾರಾನಾಥನಿಗೋ, ಸಹೋದ್ಯೋಗಿ ವನಮಾಲಾಳಿಗೋ ಎಂಬುದು ಇವತ್ತು ತೀರ್ಮಾನ. ತಾರಾನಾಥನ ಮನೆ ಸಾನಪಾಡಾದಲ್ಲೇ; ಶಾಖೆ ಸಿಕ್ಕರೆ ಮಧ್ಯಾಹ್ನ ಮನೆಗೆ ಬಂದು ಬಿಸಿಯೂಟ ಮಾಡಬಹುದು.

“ಫೋನಲ್ಲಿ ಮಾತಾಡಿ ಮಾರಾಯ್ರೆ,” ಎಂದಳು ಹರಿಣಾಕ್ಷಿ.

“ತೋರಿಸ್ಲಿಕ್ಕಿರುವ ಚಾರ್ಟೆಲ್ಲ ಇದ್ರಲ್ಲೇ ಉಂಟು. ಈಗ ಸರಿ ಮಾಡ್ತೇನೆ, ನೋಡು.”

ಇಂಟರ್ನೆಟ್ಟಿನಲ್ಲಿ ಯಾವನೋ ಪುಣ್ಯಾತ್ಮ ಬರೆದಿದ್ದ ಸಾಲೊಂದನ್ನು ಹಾಗೇ ಟೈಪಿಸಿದ. ದನಿ ಬರಲಿಲ್ಲ, ವೈಫೈ ಹೋಯಿತು. ಇನ್ನೊಂದು ಸಾಲು ಹಾಕಿದ. ವೈಫೈ ಬಂತು, ಅಕ್ಷರಗಳೆಲ್ಲ ಇರುವೆಯಷ್ಟಾದವು. ಮತ್ತೊಂದು ಕಡೆ, “ನನಗೂ ಇದೇ ತೊಂದರೆ” ಎಂದು ಜಗತ್ತಿನ ಜನವೆಲ್ಲ ಅತ್ತಿದ್ದರು. ಕೊನೆಯಲ್ಲೊಬ್ಬ, “ಸರಿಹೋಯಿತು, ಧನ್ಯವಾದ” ಎಂದು ಬರೆದಿದ್ದ. ಹೇಗೆ ಸರಿಹೋಯಿತೆಂದು ಮಾತ್ರ ಬರೆದಿರಲಿಲ್ಲ.

ತೆರೆದ ಬಾಗಿಲಿನಿಂದ ಕೆಳಮನೆಯ ಗುರುವಪ್ಪ ಒಳಬಂದ. ಕಲಬುರ್ಗಿ ಕಡೆಯವನು, ಕಟ್ಟಡ ಕೆಲಸದ ಆಳುಗಳನ್ನು ನೋಡಿಕೊಳ್ಳುವ ಮುಕಾದಮ.

“ಯಾಕ್ರೀ ಸಾಹೇಬ್ರ, ಮಾರಿ ಸಣ್ಣ ಮಾಡ್ಕೊಂಡ್ ಕುಂತೀರಿ?”

“ಡ್ರೈವರ್ ಸಿಗ್ತಾ ಇಲ್ಲ ಮಾರಾಯ್ರೆ.”

“ಅಷ್ಟ ಏನ್ರಿ? ನಮ್ಮ ಭೀಮು ಅದಾನ. ಟೆಂಪೋ ಹೊಡೀತಾನ. ಬಾ ಅಂದ್ರ ಈಗ ಬರ್ತಾನ.”

ತನಗೆ ಬೇಕಾದದ್ದು ಸ್ಪೀಕರ್ ನಡೆಸುವ ಡ್ರೈವರ್ ಎಂಬ ತಂತ್ರಾಂಶವೆಂದು ವಿವರಿಸುವ ತಾಳ್ಮೆ ತಾರಾನಾಥನಲ್ಲಿ ಉಳಿದಿರಲಿಲ್ಲ. ಅಷ್ಟರಲ್ಲಿ ಎದುರುಮನೆಯ ವಿಮಲಾ ಭಜನೆಗೆಂದು ಕೊಂಡಿದ್ದ ಬ್ಲೂಟೂತ್ ಸ್ಪೀಕರ್ ತಂದಿಟ್ಟಳು. “ಇದನ್ನೊಮ್ಮೆ ಹಾಕಿ ನೋಡಿ ತಾರಾನಾಥಣ್ಣ. ನಮ್ಮಲ್ಲಿ ಮೊಬೈಲಿಗೆ ಪಟ್ಟಂತ ಕನೆಕ್ಟ್ ಆಗ್ತದೆ.”

ಲ್ಯಾಪ್‌ಟಾಪಿಗೆ ಆ ಅವಸರವಿರಲಿಲ್ಲ. ಅದು ಸ್ಪೀಕರನ್ನು ಹುಡುಕುತ್ತಿರುವಾಗಲೇ ಮೀಟಿಂಗು ಶುರುವಾಯಿತು. ಧಣಿಯ ಬಾಯಿ ಗಾಜಿನ ತೊಟ್ಟಿಯ ಮೀನಿನ ಹಾಗೆ ತೆರೆದು ಮುಚ್ಚುತ್ತಿತ್ತು. ತಾರಾನಾಥ ತನ್ನ ಪರದೆಯನ್ನು ಎಲ್ಲರಿಗೂ ತೋರಿಸಿ, ಚಾರ್ಟುಗಳನ್ನು ಹುರುಪಿನಿಂದ ವಿವರಿಸಿದ. ಧಣಿ ಮುಂದೆ ಬಾಗಿ ಆ ಪರದೆಯನ್ನು ದಿಟ್ಟಿಸಿ ಏನೋ ಕೇಳಿದರು. ವನಮಾಲಾ ನಗುನಗುತ್ತ ಏನೋ ಹೇಳಿದಳು. ಎಲ್ಲರ ಕಣ್ಣೂ ಇವನ ಮೇಲೆ ನಿಂತವು. ಚಾರ್ಟು ಹಿಡಿಸಿರಬೇಕೆಂದು ತಾರಾನಾಥ ಜೋರಾಗಿ ತಲೆಯಾಡಿಸಿದ.

ಗುರುವಪ್ಪ ಸ್ಪೀಕರಿನ ಬೆನ್ನಿಗೊಂದು ಪೆಟ್ಟು ಕೊಟ್ಟ. “ಕನೆಕ್ಟೆಡ್” ಎಂದಿತು ಅದು. ತಾರಾನಾಥ ಹೋದ ಜೀವ ಬಂದವನಂತೆ ಕ್ಯಾಮೆರಾದ ಮುಂದೆ ಎರಡೂ ಹೆಬ್ಬೆರಳು ಎತ್ತಿ ಹಿಡಿದ.

ಧಣಿಯ ದನಿ ಮನೆ ತುಂಬಿತು.

“ಶಾಬಾಸ್ ತಾರಾನಾಥ. ನಿಮ್ಮ ಪರದೆ ಮ್ಯಾಲ ಕಂಡ ಈ ಫುಕಟ್ ಲಿನಕ್ಸ್ ಸಿಸ್ಟಮ್ ಕಳಂಬೋಲಿ ಆಫೀಸಿನ ಎಲ್ಲಾ ಕಂಪ್ಯೂಟರಿಗೂ ಹಾಕೋಣು, ಅದನ್ನ ನೋಡ್ಕೊಳ್ಳಾಕ ನೀವ ಬೇಕು ಅಂತ ವನಮಾಲಾ ಅಂದ್ಲು. ನೀವೂ ಎರಡೂ ಕೈಲೆ ಒಪ್ಕೊಂಡ್ರಿ. ಹಂಗಾರ ಸಾನಪಾಡಾ ಆಕಿ ಸಂಭಾಳಿಸ್ಲಿ. ಯಾರ್ದರ ಆವಾಜ್ ಬಂದ್ ಆದ್ರ ನಿಮಗ ಫೋನ್ ಮಾಡ್ತಾರ.”

“ಅಯ್ಯೋ, ಹಾಗಲ್ಲ ಸರ್, ನನಗೆ ಏನೂ ಕೇಳ್ತಾ ಇರ್ಲಿಲ್ಲ, ಇದು ಬೇಡ,” ಎಂದು ತಾರಾನಾಥ ಕೈಮುಗಿದು ಗೋಗರೆದ.

ಧಣಿ ಕಿವಿಗೆ ಕೈಯಿಟ್ಟು ಆಲಿಸಿದರು. “ನಿಮ್ಮ ಆವಾಜ್ ಮೊದಲಿಂದ್ಲೂ ಬರವಲ್ತು. ಇರ್ಲಿ ಬಿಡ್ರಿ. ಕೈ ಮುಗದು ಥ್ಯಾಂಕ್ಸ್ ಹೇಳಾಕತ್ತೀರಿ, ತಿಳೀತು,” ಎಂದು ಮೀಟಿಂಗು ಮುಗಿಸಿದರು.