ಅವ್ವನ ಅಳತೆಗೆ ಮಾಡಿಸಿದ ಗಾಡಿ

ಯುದ್ಧದ ಕಾಲ. ಸೀಮೆಎಣ್ಣೆ ಸಿಗದೆ ಮಂಡ್ಯದ ನಮ್ಮ ಬೀದಿಯೆಲ್ಲ ಕತ್ತಲು. ಆ ಕತ್ತಲಲ್ಲಿ ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ತಿಂಗಳುಗಟ್ಟಲೆ ಮಲಗಿದ ಮೇಲೆ ಡಾಕ್ಟರು ಬಂದು ನೋಡಿ, "ಮೂಳೆ ಕೂಡಿದೆ ಮೇಷ್ಟ್ರೇ. ಇನ್ನು ನಡೆಸಿ. ಹೀಗೇ ಮಲಗಿದ್ದರೆ ಮತ್ತೆ ಏಳುವುದಿಲ್ಲ" ಎಂದರು.

ಅವ್ವ ಗೋಡೆ ಬಿಡಲೊಲ್ಲಳು. ತನ್ನ ಹಳ್ಳಿ ಹೊಳಲಿನಲ್ಲಿ ಹುಲ್ಲಿನ ಹೊರೆ ಹೊತ್ತು ಗದ್ದೆಬದುವಿನ ಮೇಲೆ ಓಡಾಡಿದವಳು ಈಗ ನೆಲ ನೋಡಿದರೆ ನಡುಗುತ್ತಿದ್ದಳು. ಹಾಸಿಗೆಯಲ್ಲೇ ಮುಗಿದುಹೋಗುತ್ತಾಳೆಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಊರ ಮಕ್ಕಳಿಗೆಲ್ಲ ಪಾಠ ಹೇಳುವ ನನಗೆ ಅವ್ವನಿಗೆ ನಡೆಯಲು ಕಲಿಸುವುದು ಯಾವ ಮಹಾ ವಿದ್ಯೆ? ಕೂಸುಗಳು ಹಿಡಿದು ನಡೆಯುವ ಮೂರು ಗಾಲಿಯ ಮರದ ಗಾಡಿ ಇದೆಯಲ್ಲ, ಅದನ್ನೇ ಅವ್ವನ ಅಳತೆಗೆ ಮಾಡಿಕೊಡು ಎಂದು ಬಡಗಿ ಸಿದ್ದಾಚಾರಿಗೆ ಹೇಳಿದೆ. ಎತ್ತಿನ ಗಾಡಿ ಮಾಡುವವನ ಕೈಗೆ ಚಿಕ್ಕದು ಬರುವುದಿಲ್ಲ. ಬಂದದ್ದು ಬಾಗಿಲಲ್ಲಿ ಹಿಡಿಸದೆ ಜಗಲಿಯ ಮೇಲೇ ನಿಂತಿತು.

ಅವ್ವ ಒಳಗಿನಿಂದಲೇ ನೋಡಿ, "ಇದ್ಕೆ ಎತ್ತು ಕಟ್ಟೋರ್ಯಾರ್ಲಾ?" ಎಂದಳು.

"ಮೊದ್ಲು ನೀವ್ ತಳ್ಳಿ ತೋರ್ಸಿ. ಆಮ್ಯಾಕೆ ಅತ್ತೆ ನಂಬ್ತರೆ" ಎಂದಳು ನನ್ನ ಹೆಂಡತಿ ಪುಟ್ಟಮ್ಮ.

ನ್ಯಾಯವಾದ ಮಾತು. ಗಾಲಿ ಸರಾಗವಾಗಿ ಉರುಳಲೆಂದು ಕೀಲೆಣ್ಣೆಯನ್ನು ಧಾರಾಳವಾಗಿಯೇ ಹಚ್ಚಿದ್ದೆ. "ನೋಡವ್ವ, ಇದ ಇಡ್ಕೊಂಡ್ರೆ ಬೀಳಾಕೇ ಆಗಲ್ಲ" ಎಂದು ಉಪನ್ಯಾಸ ಆರಂಭಿಸಿ ಹಿಡಿಯ ಮೇಲೆ ಭಾರ ಹಾಕಿದೆ. ಗಾಡಿ ಹೊರಟಿತು. ನಾನಿನ್ನೂ ಹೊರಟಿರಲಿಲ್ಲ! ಜಗಲಿ ಮುಗಿಯಿತು. ಗಾಡಿ ಬೀದಿಗೆ ಹಾರಿತು. ಅದರ ಹಿಂದೆಯೇ ನಾನೂ ಹೋಗಿ ಬೋರಲು ಬಿದ್ದೆ.

ಕಣ್ಣು ಬಿಟ್ಟರೆ ಎದುರಿಗೆ ಎರಡು ಪಾದ. ತಲೆ ಎತ್ತಿದೆ. ಅವ್ವ! ಗೋಡೆಯಿಲ್ಲ, ಕೋಲಿಲ್ಲ, ನಡುಬೀದಿಯಲ್ಲಿ ನಿಂತಿದ್ದಾಳೆ.

"ಮೂಳೆಗೀಳೆ ಮುರೀತೇನ್ಲಾ ಮಗಾ?"

"ಅವ್ವಾ, ನೀನು ಎಂಗ್ ಬಂದೆ?"

ಆಗ ಅವ್ವ ತನ್ನ ಕಾಲು ನೋಡಿಕೊಂಡಳು. ಮುಖ ಬಿಳಿಚಿಕೊಂಡಿತು. ಗಳಗಳನೆ ಅತ್ತಳು. ಪುಟ್ಟಮ್ಮನೂ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು, ಸಂತೋಷಕ್ಕೋ ಮಂಡಿ ನೋವಿಗೋ ಹೇಳಲಾರೆ.

"ಏಳ್ಲಾ, ಯಾರಾರ ನೋಡಾರು" ಎಂದು ಅವ್ವ ಕೈ ಚಾಚಿದಳು.

ಮೂಳೆ ಮುರಿದಿರಲಿಲ್ಲ. ಆದರೆ ಅಂದಿನಿಂದ ಆ ಜಗಲಿ ಕಂಡರೆ ನನ್ನ ಕಾಲು ಏಳುವುದಿಲ್ಲ. ದಿನವೂ ಸ್ಕೂಲಿಗೆ ಹೊರಟಾಗ ಅವ್ವನೇ ಬಂದು ಕೈಹಿಡಿದು ಕೆಳಗಿಳಿಸಬೇಕು. ಮುದಿತಾಯಿಯನ್ನು ಕೈಹಿಡಿದು ನಡೆಸುವ ಇಂಥ ಮಗ ಯಾರಿಗುಂಟು ಎಂದು ಬೀದಿಯವರು ಕೊಂಡಾಡುತ್ತಾರೆ. ನಾನು ತಿದ್ದಲು ಹೋಗಿಲ್ಲ.